ಇಂಟೆಲ್ಲಾ, ಎಎಂಡಿನಾ? ಮೊದಲು ಪೂರ್ತಿ ನಂಬರ್ ಕೇಳಿ

"ನೀನು ಸಾಫ್ಟ್‌ವೇರಲ್ಲಿದ್ದೀಯಲ್ಲ, ಹೇಳಪ್ಪ, ಇಂಟೆಲ್ ತಗೊಳ್ಳೋದಾ, ಎಎಂಡಿ ತಗೊಳ್ಳೋದಾ?" ಐಟಿಯಲ್ಲಿ ಕೆಲಸ ಮಾಡೋ ಯಾರನ್ನೇ ಕೇಳಿ, ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಈ ಫೋನ್ ಬಂದಿರುತ್ತೆ. ಕೋಡ್ ಬರೆಯೋರಿಗೆ ಮದರ್‌ಬೋರ್ಡ್ ರಿಪೇರಿನೂ ಬರುತ್ತೆ, ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಪೇಪರ್ ತೆಗೆಯೋಕೂ ಬರುತ್ತೆ ಅನ್ನೋದು ನೆಂಟರ ನಂಬಿಕೆ. ಅದಿರಲಿ. ಕೇಳಿದವರಿಗೆ ಒಂದೇ ಪದದ ಉತ್ತರ ಬೇಕಿರುತ್ತೆ. ನಾನು ಹೇಳೋದು ಕೇಳಿ ಹೆಚ್ಚಿನವರಿಗೆ ಸ್ವಲ್ಪ ನಿರಾಸೆಯೇ. ಕಂಪನಿ ಹೆಸರು ಕೊನೆಗೆ ನೋಡಿ, ಮೊದಲು ಪೂರ್ತಿ ಮಾಡೆಲ್ ನಂಬರ್ ಕೇಳಿ ಅಂತೀನಿ.

ಯಾಕೆ ಅಂತ ಒಂದು ಉದಾಹರಣೆ. ದಾವಣಗೆರೆಯಲ್ಲಿರೋ ನಮ್ಮ ಅಕ್ಕ ಚೀಟಿ ಎತ್ತಿದ ದುಡ್ಡಲ್ಲಿ ಮನೆಗೊಂದು ಕಂಪ್ಯೂಟರ್ ಕೊಳ್ಳೋಕೆ ಹೊರಟಿದ್ದಳು. ಭಾವನಿಗೆ ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬೇಕು, ಮಗ ಈ ವರ್ಷ ಇಂಜಿನಿಯರಿಂಗ್ ಸೇರ್ತಾನೆ. ಎರಡು ಅಂಗಡಿಗಳ ಕೊಟೇಶನ್ ಫೋಟೋ ತೆಗೆದು ವಾಟ್ಸಾಪ್ ಮಾಡಿದಳು. ಎರಡರಲ್ಲೂ "ಐ5 ಪ್ರೊಸೆಸರ್" ಅಂತಲೇ ಇತ್ತು. ಒಂದರ ಬೆಲೆ ಇನ್ನೊಂದರ ಅರ್ಧಕ್ಕಿಂತ ಕಡಿಮೆ. "ಇಬ್ಬರದ್ದೂ ಐ5 ಅಲ್ಲೇನೋ? ಇವನು ಸುಮ್ನೆ ಜಾಸ್ತಿ ಹೇಳ್ತಿದಾನೆ" ಅನ್ನೋದು ಅವಳ ವಾದ.

ಪೂರ್ತಿ ನಂಬರ್ ಕೇಳು ಅಂದೆ. ಅಗ್ಗದ್ದು ಐ5-3470. ಅದು ಬಂದಿದ್ದು 2012ರಲ್ಲಿ! ನಾಲ್ಕೇ ಕೋರ್. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನ ಕೇಳುತ್ತೆ, ಇದು ಮೂರನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಲ್ಲಿಸಿದೆ. ಅಂದರೆ ಮನೆಗೆ ತಂದ ದಿನವೇ ಹಳೇದಾದ ಯಂತ್ರ. ಸೆಕೆಂಡ್ ಹ್ಯಾಂಡ್ ಅಂತ ಗೊತ್ತಿದ್ದು ತಗೊಂಡ್ರೆ ಅದು ಬೇರೆ ಮಾತು, ಚಿಕ್ಕ ಮಕ್ಕಳಿಗೆ ಟೈಪಿಂಗ್ ಕಲಿಸೋಕೆ ಸಾಕಾಗುತ್ತೆ. ಕೊಟೇಶನ್‌ನಲ್ಲಿ ಆ ವಿಷಯವೇ ಇರಲಿಲ್ಲ.

ದುಬಾರಿಯದ್ದು ಐ5-12400ಎಫ್. ಚಿಪ್ ಚೆನ್ನಾಗೇ ಇದೆ, ಆರು ಕೋರ್, ಹನ್ನೆರಡು ಥ್ರೆಡ್. ಆದರೆ ಆ ಕೊನೆಯ "ಎಫ್" ನೋಡಿ. ಇಂಟೆಲ್‌ನಲ್ಲಿ ಎಫ್ ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಬರಲ್ಲ. ಹಾಗಾಗಿ ಅಂಗಡಿಯವರು ಯಾವುದೋ ಹಳೇ 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಸೇರಿಸಿ, "ಗೇಮಿಂಗ್‌ಗೂ ಆಗುತ್ತೆ" ಅಂದಿದ್ರು. ಟ್ಯಾಲಿ, ಬ್ರೌಸರ್, ಕೋಡಿಂಗ್ ಮಾಡೋ ಮನೆಗೆ ಎಫ್ ಇಲ್ಲದ 12400 ತಗೊಂಡ್ರೆ ಆ ಕಾರ್ಡೇ ಬೇಡ.

ಎಎಂಡಿಯಲ್ಲೂ ಇದೇ ಕಥೆ, ಅಕ್ಷರ ಬೇರೆ. ರೈಜೆನ್ 5 5600 ಒಳಗೆ ಗ್ರಾಫಿಕ್ಸ್ ಇಲ್ಲ, 5600ಜಿ ಒಳಗೆ ಇದೆ. 7600ರಲ್ಲಿ ಡಿಸ್‌ಪ್ಲೇ ಬರೋಷ್ಟು ಇದೆ, 7500ಎಫ್‌ನಲ್ಲಿ ಇಲ್ಲ. 8600ಜಿ ಥರದವುಗಳಲ್ಲಿ ಮಾತ್ರ ಕಾರ್ಡ್ ಇಲ್ಲದೇ ಸಣ್ಣಪುಟ್ಟ ಗೇಮ್ ಆಡೋಷ್ಟು ದಮ್ಮಿದೆ. ಒಂದಕ್ಷರದಲ್ಲಿ ಸಾವಿರಾರು ರೂಪಾಯಿ ಆಚೀಚೆ ಆಗುತ್ತೆ.

"ಎಎಂಡಿ ಬಿಸಿಯಾಗುತ್ತಂತೆ"

ಈ ಮಾತು ನಮ್ಮ ಕಾಲೇಜು ಹಾಸ್ಟೆಲ್‌ನಲ್ಲೂ ಇತ್ತು, ಈಗ ಅಕ್ಕನ ಮಗನ ಕಾಲೇಜಿಗೂ ಹೋಗಿದೆ. ಸುಳ್ಳಲ್ಲ, ಹಳೇದು. ಎಎಂಡಿ 2011ರಲ್ಲಿ ತಂದ ಬುಲ್ಡೋಜರ್ ವಿನ್ಯಾಸ ಸೋತಿತ್ತು. 2013ರ ಎಫ್‌ಎಕ್ಸ್-9590 ಅನ್ನೋ ಚಿಪ್ಪಿಗೆ 220 ವ್ಯಾಟ್ ಬೇಕಿತ್ತು, ಇಡ್ಲಿ ಬೇಯಿಸಬಹುದು ಅಂತ ನಗ್ತಿದ್ವಿ. 2017ರಲ್ಲಿ ರೈಜೆನ್ ಬಂದ ಮೇಲೆ ಲೆಕ್ಕ ತಿರುವುಮುರುವಾಯ್ತು. ಇವತ್ತು ಇಂಟೆಲ್‌ನ ಐ9-14900ಕೆ ಪೂರ್ತಿ ಓಡಿದರೆ 253 ವ್ಯಾಟ್ ಕೇಳುತ್ತೆ. ಗೇಮ್ ಆಡೋರು ಹುಡುಕೋ ರೈಜೆನ್ 7 7800ಎಕ್ಸ್3ಡಿ 120 ವ್ಯಾಟ್‌ದು.

ಇನ್ನೊಂದು ಗುಮಾನಿ, "ಎಎಂಡಿಯಲ್ಲಿ ಕೆಲವು ಸಾಫ್ಟ್‌ವೇರ್ ಓಡಲ್ಲ". ಇದಕ್ಕೂ ಬೇರು ಇದೆ. ವಿಂಡೋಸ್‌ನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ ವೇಗವಾಗಿ ಓಡಬೇಕಾದ್ರೆ ಮುಂಚೆ ಇಂಟೆಲ್ ಚಿಪ್ಪೇ ಬೇಕಿತ್ತು. 2018ರಲ್ಲಿ ಆ ತೊಂದರೆ ಹೋಯ್ತು. ಲಿನಕ್ಸ್ ಡೌನ್‌ಲೋಡ್ ಮಾಡೋರು ಫೈಲ್ ಹೆಸರಲ್ಲಿ "ಎಎಂಡಿ64" ಅಂತ ನೋಡಿರ್ತೀರಿ, ಇಂಟೆಲ್ ಕಂಪ್ಯೂಟರಿಗೂ ಅದೇ ಫೈಲ್. ಇವತ್ತು ಇಬ್ಬರೂ ಬಳಸೋ 64 ಬಿಟ್ ವಿನ್ಯಾಸವನ್ನ 2003ರಲ್ಲಿ ಮಾರುಕಟ್ಟೆಗೆ ತಂದಿದ್ದು ಎಎಂಡಿ, ಆಮೇಲೆ ಇಂಟೆಲ್ ಅದನ್ನೇ ಒಪ್ಪಿಕೊಂಡಿತು. ಟ್ಯಾಲಿಗಾಗಲೀ ಆಟೋಕ್ಯಾಡ್‌ಗಾಗಲೀ ಒಳಗೆ ಯಾವ ಕಂಪನಿ ಚಿಪ್ ಇದೆ ಅನ್ನೋದು ಮುಖ್ಯವೇ ಅಲ್ಲ.

ಅಭಿಮಾನಿಗಳ ಜಗಳ ನೋಡಿದ್ರೆ ಇವು ಎರಡು ಬೇರೆ ಬೇರೆ ಕುಲ ಅನ್ನಿಸಬೇಕು. ಇಂಟೆಲ್ ಶುರುವಾಗಿದ್ದು 1968ರಲ್ಲಿ, ಎಎಂಡಿ 1969ರಲ್ಲಿ, ಎರಡನ್ನೂ ಕಟ್ಟಿದವರು ಫೇರ್‌ಚೈಲ್ಡ್ ಅನ್ನೋ ಒಂದೇ ಕಂಪನಿಯಿಂದ ಹೊರಬಂದವರು. ಪೆಂಟಿಯಂ ಪಿತಾಮಹ ಅಂತ ಕರೆಸಿಕೊಂಡ ಪುಣೆಯ ವಿನೋದ್ ಧಾಮ್ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಸೇರಿದರು. ಅದನ್ನ ಎಎಂಡಿ ಕೊಂಡ ಮೇಲೆ ಅವರು ಆ ಕಡೆ ಕೆ6 ಚಿಪ್‌ಗೂ ದುಡಿದರು. ಈಗ ಎರಡೂ ಕಂಪನಿಗಳಿಗೆ ಬೆಂಗಳೂರಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ. ಇಬ್ಬರ ಇಂಜಿನಿಯರುಗಳೂ ಒಂದೇ ಟ್ರಾಫಿಕ್‌ನಲ್ಲಿ ನಿಂತಿರ್ತಾರೆ.

ನಿಜವಾದ ವ್ಯತ್ಯಾಸ ಎಲ್ಲಿದೆ?

ನನ್ನ ಪ್ರಕಾರ ಸಾಕೆಟ್‌ನಲ್ಲಿ, ಅಂದರೆ ಮದರ್‌ಬೋರ್ಡ್ ಮೇಲೆ ಚಿಪ್ ಕೂರೋ ಜಾಗದಲ್ಲಿ. ಎಎಂಡಿ ಒಂದೇ ಸಾಕೆಟ್ಟನ್ನ ವರ್ಷಗಟ್ಟಲೆ ಇಟ್ಟುಕೊಳ್ಳುತ್ತೆ. ನಮ್ಮ ಟೀಮಿನ ಒಬ್ಬರು 2019ರಲ್ಲಿ ಎಎಂ4 ಬೋರ್ಡಿನಲ್ಲಿ ರೈಜೆನ್ 5 2600 ಹಾಕಿಸಿದ್ದರು. ಐದು ವರ್ಷ ಆದ ಮೇಲೆ ಬಯೋಸ್ ಅಪ್‌ಡೇಟ್ ಮಾಡಿ, ಅದೇ ಬೋರ್ಡು, ಅದೇ ರ್‍ಯಾಮ್‌ಗೆ 5700ಎಕ್ಸ್3ಡಿ ಕೂರಿಸಿದರು. ಬರೀ ಚಿಪ್ ಖರ್ಚು. ಈಗಿನ ಎಎಂ5 ಬಂದಿದ್ದು 2022ರಲ್ಲಿ, 2027ರವರೆಗೆ ಮತ್ತು ಅದರಾಚೆಗೂ ಮುಂದುವರಿಸ್ತೀವಿ ಅಂತ ಕಂಪನಿ ಹೇಳಿದೆ. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಒಂದೇ ಬೋರ್ಡ್ ಸಾಕು, ಆದರೆ 2024ರಲ್ಲಿ ಬಂದ ಕೋರ್ ಅಲ್ಟ್ರಾ 200ಕ್ಕೆ ಹೊಸ ಸಾಕೆಟ್, ಹೊಸ ಬೋರ್ಡ್.

ಎಎಂ5ಗೆ ಡಿಡಿಆರ್5 ರ್‍ಯಾಮೇ ಆಗಬೇಕು. ಇಂಟೆಲ್‌ನ 12ರಿಂದ 14ನೇ ತಲೆಮಾರಿಗೆ ಬೋರ್ಡ್ ನೋಡಿಕೊಂಡು ಡಿಡಿಆರ್4 ಕೂಡ ಹಾಕಬಹುದು. ರ್‍ಯಾಮ್ ಬೆಲೆ ಈರುಳ್ಳಿ ಬೆಲೆ ಥರ, ಯಾವಾಗ ಏರುತ್ತೋ ಗೊತ್ತಾಗಲ್ಲ. ನಿಮ್ಮ ಹತ್ರ ಹಳೇ ಡಿಡಿಆರ್4 ಕಡ್ಡಿಗಳಿದ್ರೆ ಲೆಕ್ಕ ಪೂರ್ತಿ ಬದಲಾಗುತ್ತೆ. ಇನ್ನು, ಒಮ್ಮೆ ತಂದ ಮೇಲೆ ಕೆಡೋವರೆಗೂ ಕ್ಯಾಬಿನೆಟ್ ಬಿಚ್ಚದವರಿಗೆ ಈ ಸಾಕೆಟ್ ಪುರಾಣದಿಂದ ಮೂರು ಕಾಸಿನ ಉಪಯೋಗ ಇಲ್ಲ.

ಎಡವಟ್ಟು ಇಬ್ಬರೂ ಮಾಡಿದ್ದಾರೆ. ಇಂಟೆಲ್‌ನ 13, 14ನೇ ತಲೆಮಾರಿನ ಮೇಲ್ದರ್ಜೆ ಡೆಸ್ಕ್‌ಟಾಪ್ ಚಿಪ್‌ಗಳು ಹೆಚ್ಚು ವೋಲ್ಟೇಜ್‌ನಿಂದ ಸವೆದು ಕ್ರ್ಯಾಶ್ ಆಗ್ತಿದ್ದವು. 2024ರಲ್ಲಿ ಕಂಪನಿ ಅದನ್ನ ಒಪ್ಪಿಕೊಂಡು ಬಯೋಸ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. 2023ರಲ್ಲಿ ಎಎಂಡಿಯ ಕೆಲವು 7000 ಸರಣಿಯ ಎಕ್ಸ್3ಡಿ ಚಿಪ್‌ಗಳು ಬೋರ್ಡ್ ಹೆಚ್ಚು ವೋಲ್ಟೇಜ್ ಕೊಟ್ಟಿದ್ದಕ್ಕೆ ಸುಟ್ಟೇ ಹೋದವು. ಯಾವುದನ್ನೇ ತಂದ್ರೂ ಮೊದಲ ದಿನವೇ ಬಯೋಸ್ ಅಪ್‌ಡೇಟ್ ಮಾಡಿಸಿ.

ಹಾಗಾದ್ರೆ ಯಾರಿಗೆ ಯಾವುದು? ಲೆಕ್ಕಪತ್ರ, ಆನ್‌ಲೈನ್ ಕ್ಲಾಸ್, ಕೋಡಿಂಗ್ ಕಲಿಯೋದು ಇಷ್ಟೇ ಆದ್ರೆ ಒಳಗೆ ಗ್ರಾಫಿಕ್ಸ್ ಇರೋ ಯಾವ ಆರು ಕೋರ್ ಚಿಪ್ ಅಗ್ಗಕ್ಕೆ ಸಿಗುತ್ತೋ ಅದು. ಮದುವೆ ವಿಡಿಯೋ ಎಡಿಟ್ ಮಾಡೋರಿಗೆ ಎಫ್ ಇಲ್ಲದ ಇಂಟೆಲ್, ಅದರಲ್ಲಿರೋ ಕ್ವಿಕ್ ಸಿಂಕ್ ವಿಡಿಯೋ ಕೆಲಸಕ್ಕೇ ಅಂತ ಇಟ್ಟಿರೋದು, ಸಮಯ ಉಳಿಸುತ್ತೆ. ಗೇಮಿಂಗೇ ಮುಖ್ಯ ಅಂದ್ರೆ ಎಎಂಡಿಯ ಎಕ್ಸ್3ಡಿ, ಇಲ್ಲಿ ನನಗೆ ಅನುಮಾನವೇ ಇಲ್ಲ. ಐದಾರು ವರ್ಷ ಇಟ್ಟುಕೊಂಡು ಮಧ್ಯದಲ್ಲಿ ಚಿಪ್ ಬದಲಾಯಿಸೋ ಮನಸ್ಸಿದ್ರೆ ಎಎಂ5. ನನ್ನ ದುಡ್ಡಾದ್ರೆ ರೈಜೆನ್ 5 7600.

ಅಕ್ಕ ಮಾತ್ರ ಎಫ್ ಇಲ್ಲದ 12400 ತಗೊಂಡಳು. ಅದೇ ಊರಿನ ಅಂಗಡಿ, ಏನಾದ್ರೂ ಆದ್ರೆ ಭಾವ ಸ್ಕೂಟರಲ್ಲಿ ಹೋಗಿ ಕೇಳಬಹುದು. ಕಾರ್ಡ್ ಬೇಡ ಅಂದಿದ್ದಕ್ಕೆ ಉಳಿದ ದುಡ್ಡಲ್ಲಿ ಎಸ್‌ಎಸ್‌ಡಿ 1 ಟಿಬಿ ಆಯ್ತು, ಕ್ಯಾಬಿನೆಟ್ ಜೊತೆ ಬಿಟ್ಟಿ ಬರೋ ಎಸ್‌ಎಂಪಿಎಸ್ ಬದಲು ಒಳ್ಳೆ ಕಂಪನಿಯದ್ದು ಬಂತು. ಕರೆಂಟ್ ಹೋಗಿ ಬರೋ ಊರಲ್ಲಿ ಇದು ಪ್ರೊಸೆಸರ್‌ಗಿಂತ ಮುಖ್ಯ. ರೈಜೆನ್ ಬೇಕು ಅಂದಿದ್ದ ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ಯುಪಿಎಸ್ ವಿಷಯ: ಸಾಮಾನ್ಯವಾಗಿ ಸಿಗೋ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್ ಮಾತ್ರ. 12400 ಜಾಸ್ತಿ ಅಂದ್ರೆ 117 ವ್ಯಾಟ್, 7600 ಸುಮಾರು 88 ವ್ಯಾಟ್ ಎಳೆಯುತ್ತೆ, ಮಾನಿಟರ್ ಸೇರಿದರೂ ನಡೆಯುತ್ತೆ. ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಯುಪಿಎಸ್ ಕೂಡ ಬದಲಾಯಿಸಬೇಕು.

ಬಿಲ್ ಮಾಡಿಸೋವಾಗ ಪ್ರೊಸೆಸರ್ ಬಾಕ್ಸ್‌ನಲ್ಲಿ ಬರುತ್ತಾ, ಬಿಡಿಯಾಗಿ ಟ್ರೇನಲ್ಲಿ ಬರುತ್ತಾ ಕೇಳಿ. ಬಾಕ್ಸ್‌ನದ್ದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತೆ, ಟ್ರೇದಕ್ಕೆ ಅಂಗಡಿಯವರೇ ಗತಿ. ಬಿಲ್‌ನಲ್ಲಿ ಪೂರ್ತಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡನ್ನೂ ಬರೆಸಿ. ದುಡ್ಡು ಕೊಡೋ ಮುಂಚೆ ಅಂಗಡಿಯಲ್ಲೇ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಒತ್ತಿ. ಬಲಗಡೆ ಮೇಲೆ ಪ್ರೊಸೆಸರ್ ಹೆಸರು ಪೂರ್ತಿ ಕಾಣುತ್ತೆ, ಅದನ್ನ ಬಿಲ್ ಜೊತೆ ಹೋಲಿಸಿ ನೋಡಿ.