ಮುಳುಗುವವರೂ ದಡದಲ್ಲಿ ಕಾಯುವವರೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಜನರಿಗೆ ನೀರೆಂದರೆ ಕೆರೆ, ಹೊಳೆ, ನಾಲೆ. ಚನ್ನಗಿರಿಯವರಿಗೆ ಸೂಳೆಕೆರೆಯೇ ಸಾಗರ. ಅದಕ್ಕೆ ಶಾಂತಿಸಾಗರವೆಂಬ ಹೆಸರೂ ಉಂಟು. ಹೊನ್ನಾಳಿ, ನ್ಯಾಮತಿಯವರು ತುಂಗಭದ್ರೆಯ ಮಕ್ಕಳು. ಜಗಳೂರಿನವರು ಮಳೆಗಾಗಿ ಮುಗಿಲು ನೋಡಿ ಬೆಳೆದವರು. ಇಂತಹ ಬಯಲುಸೀಮೆಯ ಮನೆಗಳಿಂದ ಇಂದು ನಮ್ಮ ತರುಣ ತರುಣಿಯರು ಘಟ್ಟ ಇಳಿದು ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಕಡಲಿನ ಆಳಕ್ಕೆ ಇಳಿದು ಬರುತ್ತಿದ್ದಾರೆ. ಹಿರಿಯರಿಗೆ ಇದು ಹುಚ್ಚಾಟವೆಂದು ತೋರಬಹುದು. ಆದರೆ ಕಾಣದ ಲೋಕವನ್ನು ಕಾಣಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ತಲೆಕೆಳಗು ಮಾಡಿದ ಕಡಾಯಿಯಲ್ಲಿ ಗಾಳಿಯನ್ನು ಹಿಡಿದಿಟ್ಟು, ಮುಳುಗುಗಾರರು ನೀರಿನೊಳಗೆ ಉಸಿರಾಡುವ ವಿಧಾನದ ಪ್ರಸ್ತಾಪ ಅರಿಸ್ಟಾಟಲನ ಹೆಸರಿನಲ್ಲಿ ಉಳಿದು ಬಂದಿರುವ ಗ್ರಂಥವೊಂದರಲ್ಲಿಯೇ ಇದೆ. ಆದಕಾರಣ ಹೋಗಬೇಡಿ ಎನ್ನುವುದಕ್ಕಿಂತ, ವಿವೇಕದಿಂದ ಹೋಗಿ ಬನ್ನಿ ಎನ್ನುವುದೇ ಲೇಸು.

ನಮ್ಮವರು ಸಾಮಾನ್ಯವಾಗಿ ಹೋಗುವ ತಾಣ ಉತ್ತರ ಕನ್ನಡ ಜಿಲ್ಲೆಯ ನೇತ್ರಾಣಿ ದ್ವೀಪ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಕಡಿದಾದ ಬಂಡೆಗಳಿಂದ ಎದ್ದು ನಿಂತಿರುವ ಈ ದ್ವೀಪಕ್ಕೆ ಪಾರಿವಾಳ ದ್ವೀಪವೆಂಬ ಹೆಸರೂ ಇದೆ. ದೋಣಿಯ ಪಯಣ ಒಂದು ಗಂಟೆಗೂ ಮೀರಿದ್ದು. ಬಂಡೆಗಳ ಬುಡದಲ್ಲಿ ಹವಳದ ಆಸರೆಯಲ್ಲಿ ಬಣ್ಣಬಣ್ಣದ ಗಿಳಿಮೀನು, ಚಿಟ್ಟೆಮೀನುಗಳು ಹಿಂಡುಹಿಂಡಾಗಿ ಬದುಕುತ್ತವೆ, ಆಮೆಗಳೂ ಕಾಣಸಿಗುತ್ತವೆ. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿನ ಕಡಲಾಳಕ್ಕೆ ಇಳಿದುದನ್ನು ನೋಡಿದ ಮೇಲೆ ನೇತ್ರಾಣಿಯ ಹೆಸರು ಹಳ್ಳಿಹಳ್ಳಿಗೂ ತಲುಪಿತು. ಮಳೆಗಾಲದಲ್ಲಿ ಸಮುದ್ರ ಕೆರಳಿರುವುದರಿಂದ ಡೈವಿಂಗ್ ನಡೆಯುವುದಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಅದರ ಋತು. ಅದರಲ್ಲಿಯೂ ಡಿಸೆಂಬರ್, ಜನವರಿಗಳಲ್ಲಿ ನೀರು ತಿಳಿಯಾಗಿರುತ್ತದೆ.

ಇಂತಹ ಪ್ರವಾಸದ ಜಾಹೀರಾತುಗಳೆಲ್ಲ ಮಾತನಾಡುವುದು ನೀರಿಗಿಳಿಯುವ ಗೆಳೆಯರ ಗುಂಪನ್ನು ಕುರಿತು. ಆದರೆ ವಸತಿಯನ್ನೂ ಡೈವಿಂಗ್ ಸಂಸ್ಥೆಯನ್ನೂ ಆಯ್ದುಕೊಳ್ಳುವಾಗ ಇಬ್ಬರನ್ನು ನಾವು ಮರೆಯುತ್ತೇವೆ. ಒಬ್ಬರು, ಯಾರ ಜೊತೆಯೂ ಇಲ್ಲದೆ ಏಕಾಂಗಿಯಾಗಿ ಹೋಗುವವರು. ಇನ್ನೊಬ್ಬರು, ಜೊತೆಗೆ ಹೋದರೂ ಮುಳುಗದೆ ಉಳಿಯುವವರು: ಮಗನೊಡನೆ ಹೋದ ತಾಯಿ, ಗಂಡನೊಡನೆ ಹೋದ ಗರ್ಭಿಣಿ, ಗೆಳೆಯರೊಡನೆ ಹೋದ ಉಬ್ಬಸದ ರೋಗಿ. ಈ ಇಬ್ಬರ ಹಿತವೇ ಆಯ್ಕೆಯ ಒರೆಗಲ್ಲಾಗಬೇಕು.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಂಡಮಾನಿನ ಸ್ವರಾಜ್ ದ್ವೀಪದಂತಹ ಕಡೆಗಳಲ್ಲಿ ವಸತಿ ಮತ್ತು ಡೈವಿಂಗ್ ಎರಡೂ ಒಂದೇ ಆವರಣದಲ್ಲಿ ದೊರೆಯುವ ರೆಸಾರ್ಟುಗಳಿವೆ. ಮುರುಡೇಶ್ವರದಲ್ಲಿ ಬಹುಮಟ್ಟಿಗೆ ವಸತಿಗೃಹವೇ ಬೇರೆ, ಡೈವಿಂಗ್ ಸಂಸ್ಥೆಯೇ ಬೇರೆ. ಒಳ್ಳೆಯ ಕೋಣೆ ಸಿಕ್ಕಿತೆಂದ ಮಾತ್ರಕ್ಕೆ ಒಳ್ಳೆಯ ಗುರು ಸಿಕ್ಕನೆಂದು ಅರ್ಥವಲ್ಲ. ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು.

ಏಕಾಂಗಿ ಪ್ರವಾಸಿಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಡೈವಿಂಗಿನ ಮೂಲ ನಿಯಮವೇ ಜೊತೆಗಾರನ ನಿಯಮ. ನೀರೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಒಬ್ಬನ ಗಾಳಿ ಮುಗಿದರೆ ಇನ್ನೊಬ್ಬನ ಗಾಳಿಯೇ ಗತಿ. ಆದ್ದರಿಂದ ಒಂಟಿಯಾಗಿ ಬಂದವನಿಗೆ ಜೊತೆಗಾರ ಯಾರು ಎಂಬ ಪ್ರಶ್ನೆ ಬಾಡಿಗೆಯ ಪ್ರಶ್ನೆಗಿಂತ ಮೊದಲು ಬರಬೇಕು. ತರಬೇತಿಯಿಲ್ಲದೆ ಮೊದಲ ಬಾರಿ ಇಳಿಯುವವರನ್ನು ಶಿಕ್ಷಕರು ಕೈಬಿಡದೆ ಕರೆದೊಯ್ಯುತ್ತಾರೆ. ಇಂತಹ ಪರಿಚಯ ಡೈವಿಂಗಿಗೆ ಪಾಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇಟ್ಟಿರುವ ಮಿತಿ 12 ಮೀಟರ್ ಆಳ, ಕನಿಷ್ಠ ವಯಸ್ಸು 10 ವರ್ಷ. ಒಬ್ಬ ಶಿಕ್ಷಕನ ಪಾಲಿಗೆ ಎಷ್ಟು ಮಂದಿ, ಆತನ ಪ್ರಮಾಣಪತ್ರ ಯಾವ ಸಂಸ್ಥೆಯದು, ಅದು ಚಾಲ್ತಿಯಲ್ಲಿದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಈಗಾಗಲೇ ತರಬೇತಿ ಪಡೆದವರಾದರೆ, ತಮ್ಮನ್ನು ಯಾರ ಜೊತೆಗೆ ಸೇರಿಸುವರು, ಅವರ ಅನುಭವ ಎಷ್ಟು ಎಂಬುದನ್ನು ಹಿಂದಿನ ದಿನವೇ ತಿಳಿದುಕೊಳ್ಳಬೇಕು.

ಎರಡನೆಯದು, ತಲೆ ಎಣಿಕೆ. 1998ರ ಜನವರಿ 25ರಂದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಅಮೆರಿಕದ ದಂಪತಿಯನ್ನು ನೀರಿನಲ್ಲಿಯೇ ಬಿಟ್ಟು ದೋಣಿ ದಡಕ್ಕೆ ಮರಳಿತು. ಅವರು ಹಿಂದಿರುಗಿಲ್ಲವೆಂಬುದು ತಿಳಿದದ್ದು ಎರಡು ದಿನಗಳ ಮೇಲೆ. ಅವರು ಮತ್ತೆ ಸಿಗಲಿಲ್ಲ. ಇಬ್ಬರಿದ್ದಾಗಲೇ ಹೀಗಾದರೆ ಒಂಟಿಯಾಗಿ ಬಂದವನ ಗತಿಯೇನು? ಆತ ಕಾಣದಾದರೆ, ನಮ್ಮವನೆಲ್ಲಿ ಎಂದು ಕೂಗುವವರು ದೋಣಿಯಲ್ಲಿ ಯಾರೂ ಇರುವುದಿಲ್ಲ. ಆದಕಾರಣ ಹೆಸರು ಬರೆದುಕೊಂಡು, ಹೋಗುವಾಗಲೂ ಬರುವಾಗಲೂ ಹೆಸರು ಹಿಡಿದು ಕೂಗುವ ಸಂಸ್ಥೆಯನ್ನೇ ಆರಿಸಬೇಕು. ದೋಣಿ ಹೊರಡುವ ಮತ್ತು ಮರಳುವ ವೇಳೆಯನ್ನು ವಸತಿಗೃಹದವರಿಗೂ ಮನೆಯವರಿಗೂ ತಿಳಿಸಿ ಹೋಗಬೇಕು. ‘ಇಷ್ಟು ಹೊತ್ತಿಗೆ ಫೋನು ಬಾರದಿದ್ದರೆ ಇಂಥವರನ್ನು ವಿಚಾರಿಸಿ’ ಎಂಬ ಒಂದು ಸಾಲಿನ ಚೀಟಿ ದುಬಾರಿ ಸಲಕರಣೆಗಿಂತ ಮಿಗಿಲಾದ ರಕ್ಷೆ.

ಮೂರನೆಯದು, ಉಳಿಯುವ ಮನೆ. ಒಬ್ಬರಿದ್ದರೂ ಇಬ್ಬರ ಬಾಡಿಗೆ ಪಡೆಯುವ ಪದ್ಧತಿ ಹಲವೆಡೆ ಇದೆ. ಮೊದಲೇ ಕೇಳಿ ಖಚಿತಪಡಿಸಿಕೊಳ್ಳುವುದು ಒಳಿತು. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಪ್ರತ್ಯೇಕ ಸ್ಥಳವಿದೆಯೇ, ದೋಣಿಯಲ್ಲಿ ಶೌಚದ ವ್ಯವಸ್ಥೆಯಿದೆಯೇ, ಮಹಿಳಾ ಶಿಕ್ಷಕಿ ದೊರೆಯುವರೇ ಎಂದು ವಿಚಾರಿಸಬೇಕು. ಇವಕ್ಕೆ ನೇರ ಉತ್ತರ ಕೊಡದೆ ನಗುವ ಸಂಸ್ಥೆಯಿಂದ ದೂರವಿರುವುದೇ ಕ್ಷೇಮ.

ಇನ್ನು ಮುಳುಗದ ಜೊತೆಗಾರರ ವಿಚಾರ. ಇವರ ಮುಂದೆ ಎರಡು ದಾರಿಗಳಿವೆ: ದೋಣಿಯಲ್ಲಿ ಜೊತೆಗೆ ಹೋಗುವುದು, ಇಲ್ಲವೆ ದಡದಲ್ಲಿ ಉಳಿಯುವುದು. ದೋಣಿಯಲ್ಲಿ ಹೋಗುವುದೇ ಪ್ರೀತಿಯ ಲಕ್ಷಣವೆಂದು ಭಾವಿಸಬೇಕಾಗಿಲ್ಲ. ಲಂಗರು ಹಾಕಿದ ದೋಣಿ ತೆರೆಗಳ ಮೇಲೆ ಗಂಟೆಗಟ್ಟಲೆ ಹೊಯ್ದಾಡುತ್ತದೆ. ತುಂಗಭದ್ರೆಯ ತೆಪ್ಪದಲ್ಲಿ ಕುಳಿತು ರೂಢಿಯಾದವರಿಗೂ ಕಡಲಿನಲ್ಲಿ ಹೊಟ್ಟೆ ತೊಳಸುವುದುಂಟು. ದ್ವೀಪದ ಮೇಲೆ ಇಳಿದು ಕಾಲಾಡಿಸೋಣವೆಂದರೆ ಅದರ ಅಂಚು ಕಡಿದಾದ ಬಂಡೆ. ಆದ್ದರಿಂದ ಜೊತೆಗಾರರನ್ನು ಕರೆದೊಯ್ಯುವ ಮುನ್ನ ದೋಣಿಯಲ್ಲಿ ನೆರಳಿದೆಯೇ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೀಟು ಇದೆಯೇ ಎಂದು ಕಣ್ಣಾರೆ ನೋಡಬೇಕು. 2022ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಇಬ್ಬರು ಪ್ರವಾಸಿಗರು ತೀರಿಕೊಂಡರು. ಮುಳುಗುವಾಗ ಬಾರದ ಅಪಾಯ ಮರಳುವಾಗ ಬಂದಿತು. ಮಳೆಗಾಲದ ಹೊಸ್ತಿಲಲ್ಲಿರುವ ಮೇ ತಿಂಗಳ ಕೊನೆಯ ದಿನಗಳಲ್ಲಿ ಹಣ ಕಟ್ಟಿಯಾಗಿದೆಯೆಂಬ ಕಾರಣಕ್ಕೆ ಕಡಲಿಗಿಳಿಯುವುದು ತರವಲ್ಲ. ಹವಾಮಾನ ಕೆಟ್ಟರೆ ಹಣ ಹಿಂದಿರುಗಿಸುವ ಸಂಸ್ಥೆ ನಂಬಿಕೆಗೆ ಅರ್ಹ. ಏಕೆಂದರೆ ಅದಕ್ಕೆ ‘ಇಂದು ಬೇಡ’ ಎನ್ನುವ ಧೈರ್ಯವಿರುತ್ತದೆ.

ದಡದಲ್ಲಿ ಉಳಿದವರು ಸುರಕ್ಷಿತರೆಂದು ನಾವು ಎಣಿಸುತ್ತೇವೆ. ವಾಸ್ತವ ಹಾಗಿಲ್ಲ. ಮುಳುಗುವವನ ಪಕ್ಕದಲ್ಲಿ ಶಿಕ್ಷಕನಿದ್ದಾನೆ, ಮೈಮೇಲೆ ಸಲಕರಣೆಯಿದೆ, ಮೇಲೆ ದೋಣಿಯಿದೆ. ಕಾಯುತ್ತ ಬೇಸರಗೊಂಡು ಮೊಣಕಾಲುದ್ದ ನೀರಿಗೆ ಇಳಿದವನ ಬಳಿ ಏನೂ ಇಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ 4 ಮಂದಿ ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿಯೇ ನೀರುಪಾಲಾದರು. ಅವರೂ ನಮ್ಮ ಮಕ್ಕಳಂತೆಯೇ ಬಯಲುಸೀಮೆಯ ಮಕ್ಕಳು. ಆ ದುರಂತದ ಬೆನ್ನಿಗೇ ಕಡಲತೀರವನ್ನು ಪ್ರವಾಸಿಗರಿಗೆ ಕೆಲಕಾಲ ಮುಚ್ಚಲಾಯಿತು. ಕೆರೆಯ ನೀರು ನಿಂತ ನೀರು. ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುವ ನೀರು. ಕಡಲಿನದು ತಳ್ಳಿ ಸೆಳೆಯುವ ನೀರು. ದಡಕ್ಕೆ ಬಡಿದ ತೆರೆಗಳ ನೀರು ಒಂದು ಇಕ್ಕಟ್ಟಾದ ಹಾದಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುವಾಗ, ಅಲ್ಲಿ ತೆರೆಗಳು ಕಡಿಮೆಯಿದ್ದು ನೀರು ಶಾಂತವಾದಂತೆ ತೋರುತ್ತದೆ. ತಿಳಿಯದವರು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಈಜಿದರೆ ಬಸವಳಿಯುತ್ತಾರೆ; ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡ ಸೇರಬೇಕು. ನೋಡುವವರು ಬರಿಗೈಯಲ್ಲಿ ಹಾರದೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು ಜೀವರಕ್ಷಕರನ್ನು ಕೂಗಬೇಕು.

ಆದ್ದರಿಂದ ದಡದಲ್ಲಿ ಉಳಿಯುವವರಿಗೆ ಇಡೀ ದಿನ ಮರಳಿನ ಮೇಲೆ ಕಾಯುವ ಶಿಕ್ಷೆ ವಿಧಿಸಬಾರದು. ಪೇಟೆಗೂ ಬಸ್ಸಿಗೂ ಹತ್ತಿರವಿರುವ, ನೆರಳಿನ ಜಗಲಿಯುಳ್ಳ, ಹಿರಿಯರು ಮೆಟ್ಟಿಲೇರದೆ ತಲುಪಬಹುದಾದ ಕೋಣೆಯಿರುವ ವಸತಿ ಅವರಿಗೆ ಬೇಕು. 20 ಅಂತಸ್ತಿನ ರಾಜಗೋಪುರದ ಮೇಲಕ್ಕೆ ಲಿಫ್ಟಿನಲ್ಲಿ ಏರಿದರೆ 123 ಅಡಿಯ ಶಿವನ ವಿಗ್ರಹವೂ ಕಡಲೂ ಒಂದೇ ನೋಟದಲ್ಲಿ ಕಾಣುತ್ತವೆ. ಭಟ್ಕಳದ ಹಳೆಯ ಬಸದಿ, ಹೊನ್ನಾವರದ ಶರಾವತಿಯ ಹಿನ್ನೀರು, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಾಸರಕೋಡಿನ ಕಡಲತೀರ ಇವೆಲ್ಲ ಒಂದು ದಿನದ ಅಳತೆಗೆ ಸಿಗುವಂಥವು. ಮುಳುಗುವವರ ದಿನಕ್ಕೆ ಯೋಜನೆ ಇರುವಂತೆ ಕಾಯುವವರ ದಿನಕ್ಕೂ ಯೋಜನೆ ಇರಲಿ.

ಶರೀರದ ಧರ್ಮವನ್ನೂ ಮರೆಯುವಂತಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 17ನೆಯ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ತೋರಿಸಿದಂತೆ, ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ. ಮೇಲೇರುವಾಗ ಮತ್ತೆ ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲೇರಬಾರದೆಂಬ ನಿಯಮದ ಮರ್ಮ ಇದೇ. ನೆಗಡಿ, ಕಿವಿಸೋರಿಕೆ, ಉಬ್ಬಸ, ಹೃದ್ರೋಗವುಳ್ಳವರು ವೈದ್ಯರನ್ನು ಕಾಣದೆ ಇಳಿಯಬಾರದು, ಗರ್ಭಿಣಿಯರು ಇಳಿಯಲೇಬಾರದು. ಆರೋಗ್ಯದ ಪ್ರಶ್ನಾವಳಿಯನ್ನು ಓದಿಸದೆ ಸಹಿ ಹಾಕಿಸಿಕೊಳ್ಳುವ ಸಂಸ್ಥೆ ನಿಮ್ಮ ಸಹಿಯನ್ನು ಕಾಯುತ್ತದೆಯೇ ಹೊರತು ನಿಮ್ಮನ್ನಲ್ಲ.

ನಮ್ಮ ಸೀಮೆಯವರಿಗೆ ಇನ್ನೂ ಒಂದು ವಿಶೇಷವಾದ ಎಚ್ಚರಿಕೆ ಅಗತ್ಯ. ಡೈವಿಂಗ್ ಮಾಡಿದವನ ರಕ್ತದಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ. ಕೂಡಲೇ ಎತ್ತರಕ್ಕೆ ಹೋದರೆ ಒತ್ತಡ ತಗ್ಗಿ ಅದು ಗುಳ್ಳೆಗಳಾಗಿ ತೊಂದರೆ ಕೊಡಬಹುದು. ಆದ್ದರಿಂದಲೇ ಒಂದು ಡೈವಿನ ನಂತರ ಕನಿಷ್ಠ 12 ಗಂಟೆ, ಹಲವು ಡೈವುಗಳ ನಂತರ 18 ಗಂಟೆ ವಿಮಾನವೇರಬಾರದೆಂಬ ಮಾರ್ಗದರ್ಶನವಿದೆ. 600 ಮೀಟರಿಗೂ ಮೇಲ್ಪಟ್ಟ ಎತ್ತರಕ್ಕೆ ಹೋಗುವವರಿಗೂ ಅದೇ ಎಚ್ಚರಿಕೆ ಸಲ್ಲುತ್ತದೆ. ಘಟ್ಟದ ಮೇಲಿನ ಸಾಗರ, ಶಿವಮೊಗ್ಗ, ದಾವಣಗೆರೆಗಳು ಸುಮಾರು ಆ ಮಟ್ಟದ ಆಸುಪಾಸಿನಲ್ಲಿಯೇ ಇವೆ. ಆಳವಿಲ್ಲದ ಒಂದು ಪರಿಚಯ ಡೈವಿನಲ್ಲಿ ಅಪಾಯ ಕಡಿಮೆ. ಆದರೂ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ರಾತ್ರಿಯೆಲ್ಲ ಪ್ರಯಾಣ ಮಾಡಿ, ನಿದ್ದೆಗೆಟ್ಟು ಬೆಳಿಗ್ಗೆಯೇ ದೋಣಿ ಹತ್ತಿ, ಸಂಜೆಗೆ ಘಟ್ಟ ಏರುವ ನಮ್ಮವರ ಅವಸರ ವಿವೇಕವಲ್ಲ. ಹಿಂದಿನ ದಿನವೇ ಹೋಗಿ ಮಲಗಿ, ಮರುದಿನ ಮುಳುಗಿ, ಆ ರಾತ್ರಿ ದಡದಲ್ಲಿಯೇ ಕಳೆದು, ಮೂರನೆಯ ದಿನ ಹೊರಡುವುದು ಕ್ಷೇಮ. ಒಂದು ರಾತ್ರಿಯ ಬಾಡಿಗೆ ಉಳಿಸಲು ಹೋಗಿ ದೊಡ್ಡ ಬೆಲೆ ತೆರಬಾರದು.

ಇದಕ್ಕೂ ದೂರ ಹೋಗಬಯಸುವವರಿಗೆ ಅಂಡಮಾನ್, ಲಕ್ಷದ್ವೀಪಗಳಿವೆ. ಅಲ್ಲಿ ನೀರು ಹೆಚ್ಚು ತಿಳಿ; ಖರ್ಚೂ ಹೆಚ್ಚು. ಲಕ್ಷದ್ವೀಪಕ್ಕೆ ಭಾರತೀಯರೂ ಪರವಾನಗಿ ಪಡೆಯಬೇಕು. ಪುಟ್ಟ ದ್ವೀಪದಲ್ಲಿ ಮುಳುಗದ ಜೊತೆಗಾರನಿಗೆ ನೋಡುವುದಕ್ಕೆ ಕಡಿಮೆ. ಆದರೆ ಆಳವಿಲ್ಲದ ಲಗೂನಿನಲ್ಲಿ ಗಾಜಿನ ತಳದ ದೋಣಿಯಿಂದಲೋ, ಮುಖವಾಡ ತೊಟ್ಟು ಮೇಲ್ಮೈಯಲ್ಲಿ ತೇಲುತ್ತಲೋ ಅದೇ ಮೀನುಗಳನ್ನು ಕಾಣುವ ಅವಕಾಶವಿದೆ. ಮುಳುಗಲಾರದವರಿಗೆ ಇದು ಸಣ್ಣ ಸಂತೋಷವಲ್ಲ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ 10 ಭಾಗಗಳಲ್ಲಿ ಎರಡನ್ನು ಸ್ನೇಹಕ್ಕೇ ಮೀಸಲಿಟ್ಟನು. ಸ್ನೇಹಿತರು ತಮಗೆ ಪ್ರಿಯವಾದುದನ್ನು ಕೂಡಿ ಮಾಡಲು ಬಯಸುತ್ತಾರೆಂಬುದು ಆತನ ವಿಚಾರ. ಆದರೆ ಎಲ್ಲವನ್ನೂ ಎಲ್ಲರೂ ಕೂಡಿ ಮಾಡಲಾಗದು. ದೇಹ ಒಪ್ಪದು, ವಯಸ್ಸು ಬಿಡದು. ಆಗ ಕೂಡಿ ಬಾಳುವುದೆಂದರೇನು? ಕಂಡುದನ್ನು ಕಾಣದವರಿಗೆ ಹೇಳುವುದು, ಹೇಳಿದ್ದನ್ನು ಮನಸ್ಸಿಟ್ಟು ಕೇಳುವುದು ಕೂಡ ಕೂಡಿ ಬಾಳುವುದೇ ಆಗಿದೆ. ಹಗಲು ಬೇರೆ ಬೇರೆಯಾಗಿ ಕಳೆದರೂ ಸಂಜೆ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುವ ಸೌಕರ್ಯವಿರುವ ವಸತಿ ಈ ಕಾರಣದಿಂದ ಒಳ್ಳೆಯ ವಸತಿ. ಒಂಟಿಯಾಗಿ ಬಂದ ಅಪರಿಚಿತನಿಗೂ ಆ ಮೇಜಿನಲ್ಲಿ ಒಂದು ಕುರ್ಚಿ ಇರಲಿ. ಆತನ ಹೆಸರು ಕೇಳಿ ತಿಳಿದುಕೊಳ್ಳಿ. ನಾಳೆ ದೋಣಿಯಲ್ಲಿ ಆ ಹೆಸರನ್ನು ಕೂಗಲು ಒಬ್ಬರಾದರೂ ಇದ್ದಂತಾಗುತ್ತದೆ.