ಓಡುತ್ತಿರುವ ಲಾರಿಯನ್ನು ಯಾವಾಗ ಮಾರಬೇಕು?

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಪನೂರಿನ ಬೇಳೆ ಮಿಲ್ಲುಗಳು ಹಿಂದೆ ಸರಿದು, ಮಹಾಗಾಂವ ಕ್ರಾಸ್ ದಾಟಿ, 40 ಕಿಲೋಮೀಟರ್ ತುಂಬುವುದರೊಳಗೆ ಕಮಲಾಪುರ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 50ರ ಈ ತುಂಡಿನಲ್ಲಿ ಲಾರಿಗಳಿಗೆ ಕೆಲಸ ಕೊಡುವ ಸರಕು ಕಡಿಮೆಯೇನಲ್ಲ. ಎರೆ ಹೊಲದ ತೊಗರಿ ರಾಶಿಯಾಗಿ ಗಂಜ್ ಎಂಬ ಕೃಷಿ ಮಾರುಕಟ್ಟೆಗೆ ಹೋಗಬೇಕು, ಅಲ್ಲಿಂದ ಮಿಲ್ಲಿಗೆ, ಮಿಲ್ಲಿನಿಂದ ಬೇಳೆಯಾಗಿ ದೂರದ ಊರುಗಳಿಗೆ. ಕಮಲಾಪುರದ ಕೆಂಪು ಬಾಳೆ, ಶಹಾಬಾದಿನ ಹಾಸುಗಲ್ಲು, ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಕೂಡ ಲಾರಿಯ ಬೆನ್ನೇರಿಯೇ ಊರು ಬಿಡುತ್ತವೆ. ಈ ಸರಕು ಹೊರುವವರಲ್ಲಿ ಒಂದೇ ಲಾರಿಯನ್ನು ನಂಬಿಕೊಂಡ ಕುಟುಂಬಗಳಿಗೆ ಆ ಲಾರಿ ಹನ್ನೆರಡು ವರ್ಷ ದಾಟಿದ ಕೂಡಲೇ ಒಂದು ಚಿಂತೆ ಹತ್ತುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ, ಆದರೆ ಹಳೆಯದಾಯಿತು. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ. ಐದಾರು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿಯೊಂದು ಮಾರಾಟಕ್ಕಿದೆ ಎಂದು ದಲಾಲರು ಹೇಳುತ್ತಿದ್ದಾರೆ. ಕೊಡಬೇಕೋ, ಇಟ್ಟುಕೊಳ್ಳಬೇಕೋ? ಇದಕ್ಕೆ ಗಾಡಿಯ ವಯಸ್ಸಿನಲ್ಲಿ ಉತ್ತರ ಹುಡುಕುವವರೇ ಹೆಚ್ಚು. ಅದು ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದನ್ನು ಮೊದಲು ಕೇಳಬೇಕು ಎಂದು ನನಗನ್ನಿಸುತ್ತದೆ. ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ.

ಲೆಕ್ಕ ತೋರಿಸಲು ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ಪ್ರತಿಯೊಬ್ಬರೂ ಆ ಜಾಗದಲ್ಲಿ ತಮ್ಮ ಅಂಕಿ ಇಟ್ಟು ನೋಡಬಹುದು. ಕೈಯಲ್ಲಿರುವ ಲಾರಿಗೆ 5 ಲಕ್ಷ ರೂಪಾಯಿ ಬರುತ್ತದೆ, ನೋಡಿಬಂದ ಲಾರಿಗೆ 15 ಲಕ್ಷ ಕೊಡಬೇಕು ಎನ್ನೋಣ. ನಡುವಿನ 10 ಲಕ್ಷವನ್ನು ಶೇ 14ರ ಬಡ್ಡಿಗೆ ನಾಲ್ಕು ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು 27,300 ರೂಪಾಯಿಯ ಆಸುಪಾಸು ಬೀಳುತ್ತದೆ. ಆದರೆ ಕಂತನ್ನು ಇಡಿಯಾಗಿ ಖರ್ಚು ಎಂದು ಬರೆದುಕೊಳ್ಳುವುದು ತಪ್ಪು. ಅದರಲ್ಲಿ ಅಸಲೂ ಇದೆ, ಅಸಲು ಗಾಡಿಯ ರೂಪದಲ್ಲಿ ಮನೆಯಲ್ಲೇ ಉಳಿಯುತ್ತದೆ. ನಿಜವಾಗಿ ಕೈಬಿಟ್ಟು ಹೋಗುವುದು ನಾಲ್ಕು ವರ್ಷದ ಬಡ್ಡಿ, ಸುಮಾರು 3.12 ಲಕ್ಷ, ಅದರ ಜೊತೆಗೆ ಗಾಡಿಯ ಬೆಲೆ ಇಳಿಯುವ ನಷ್ಟ. ನಾಲ್ಕು ವರ್ಷದ ಕೊನೆಗೆ ಆ 15 ಲಕ್ಷದ ಗಾಡಿ 8 ಲಕ್ಷಕ್ಕೆ ಬಂದರೆ 7 ಲಕ್ಷ ಕರಗಿತು. ಹಳೆಯದನ್ನೇ ಇಟ್ಟುಕೊಂಡಿದ್ದರೆ ಅದೂ 5 ಲಕ್ಷದಿಂದ ಎರಡೂವರೆಗೆ ಇಳಿಯುತ್ತಿತ್ತು. ಹಾಗಾಗಿ ಬದಲಿಸಿದ್ದರಿಂದ ಹೆಚ್ಚಿಗೆ ಕರಗಿದ್ದು ನಾಲ್ಕೂವರೆ ಲಕ್ಷ. ಬಡ್ಡಿ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 1.9 ಲಕ್ಷ ರೂಪಾಯಿ. ಗಾಡಿ ಬದಲಿಸುವುದರ ನಿಜವಾದ ಬೆಲೆ ಇದು. ಇದನ್ನು ತೀರಿಸುವ ಉಳಿತಾಯ ಎಲ್ಲಿಂದಾದರೂ ಬರಬೇಕು.

ಮೊದಲ ಉಳಿತಾಯ ಡೀಸೆಲಿನಲ್ಲಿ. ಹಳೆಯದು ಲೀಟರಿಗೆ 4 ಕಿಲೋಮೀಟರ್, ಇನ್ನೊಂದು ನಾಲ್ಕೂವರೆ ಕೊಡುತ್ತದೆ, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ, ವರ್ಷಕ್ಕೆ 40,000 ಕಿಲೋಮೀಟರ್ ಓಡುವ ಗಾಡಿಗೆ ಹೆಚ್ಚುಕಡಿಮೆ 1 ಲಕ್ಷ ರೂಪಾಯಿ ಉಳಿಯುತ್ತದೆ. ಇನ್ನೂ 90 ಸಾವಿರ ಬಾಕಿ. ಹಳೆ ಗಾಡಿಯ ರಿಪೇರಿ ಖರ್ಚು ಇನ್ನೊಂದರದ್ದಕ್ಕಿಂತ ವರ್ಷಕ್ಕೆ 90 ಸಾವಿರಕ್ಕಿಂತ ಹೆಚ್ಚಾಗುತ್ತಿದ್ದರೆ ಮಾತ್ರ ಬದಲಿಸುವುದು ಲಾಭ. ಈಗ ಓಟವನ್ನು ಬದಲಿಸಿ ನೋಡಿ. ಕಮಲಾಪುರದಿಂದ ಕಲಬುರಗಿಗೆ ದಿನಕ್ಕೊಂದು ಸಲ ಹೋಗಿ ಬರುವ ಗಾಡಿ, ವರ್ಷಕ್ಕೆ 250 ದಿನ ದುಡಿದರೂ 20,000 ಕಿಲೋಮೀಟರ್ ದಾಟುವುದು ಕಷ್ಟ. ಅದರ ಡೀಸೆಲ್ ಉಳಿತಾಯ 50 ಸಾವಿರಕ್ಕೆ ನಿಲ್ಲುತ್ತದೆ, ರಿಪೇರಿಯಲ್ಲಿ 1.4 ಲಕ್ಷ ಉಳಿದರಷ್ಟೇ ಲೆಕ್ಕ ಸರಿಹೋಗುತ್ತದೆ. ಅದೇ ಬೇಳೆ ತುಂಬಿಕೊಂಡು ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ತಿಂಗಳಿಗೆ ಐದಾರು ಸಲ ಹೋಗಿ ಬರುವ ಗಾಡಿ ವರ್ಷಕ್ಕೆ 80,000 ಮುಟ್ಟುತ್ತದೆ. ಬೆಲೆ ಇಳಿಯುವುದು ಅಲ್ಲಿ ತುಸು ಚುರುಕಾಗಬಹುದು, ಆದರೂ ಡೀಸೆಲೊಂದೇ 2 ಲಕ್ಷ ಉಳಿಸಿ ಖರ್ಚನ್ನು ತೀರಿಸಿಬಿಡುತ್ತದೆ. ಲಾರಿ ಎರಡಕ್ಕೂ ಒಂದೇ, ವಯಸ್ಸೂ ಒಂದೇ. ದಾರಿ ಬೇರೆಯಾದದ್ದಕ್ಕೆ ಉತ್ತರ ತಿರುಗಿಬಿತ್ತು. ಹಳ್ಳಿಯಿಂದ ಗಂಜಿಗೆ, ಗಂಜಿನಿಂದ ಕಪನೂರಿಗೆ ಓಡಾಡುವ ಗಾಡಿಗೆ ಹಳತಾಗುವುದು ದೊಡ್ಡ ದೋಷವಲ್ಲ ಎಂದು ನಾನು ಹೇಳುವುದು ಇದಕ್ಕೇ.

ರಿಪೇರಿಯ ವಿಷಯಕ್ಕೆ ಬಂದರೆ, ಅಲ್ಲಿ ಕಣ್ಣಿಗೆ ಕಾಣದ ಆಸ್ತಿಯೊಂದಿದೆ. ನಿಮ್ಮ ಲಾರಿಯ ಚರಿತ್ರೆ ನಿಮಗೆ ಗೊತ್ತು. ಇಂಜಿನ್ ಯಾವಾಗ ಬಿಚ್ಚಿದ್ದು, ಕ್ಲಚ್ ಪ್ಲೇಟ್ ಯಾವಾಗ ಹಾಕಿದ್ದು, ಯಾವ ಸ್ಪ್ರಿಂಗ್ ಪಟ್ಟಿ ಮುರಿದಿತ್ತು, ಎಷ್ಟು ಭಾರಕ್ಕೆ ಉಸಿರು ಕಟ್ಟುತ್ತದೆ ಎಲ್ಲವೂ ನಿಮ್ಮ ಡ್ರೈವರನಿಗೆ, ಮಿಸ್ತ್ರಿಗೆ ಬಾಯಿಪಾಠ. ಕೊಳ್ಳಲಿರುವ ಗಾಡಿಯ ಬಗ್ಗೆ ಗೊತ್ತಿರುವುದು ಹೊಸ ಬಣ್ಣ ಮತ್ತು ಮಾರುವವರ ಮಾತು. ಮೀಟರ್ ತಿರುಗಿಸಿರಬಹುದು. ಕ್ವಾರಿಯಲ್ಲಿ ಮಿತಿಮೀರಿ ತುಂಬಿಸಿ ಚಾಸಿಗೆ ವೆಲ್ಡಿಂಗ್ ಮಾಡಿ ಮೇಲೆ ಬಣ್ಣ ಬಳಿದಿರಬಹುದು. ಕರಾವಳಿಯಲ್ಲಿ ಓಡಿದ್ದರೆ ಉಪ್ಪುಗಾಳಿಯ ತುಕ್ಕು ಅಡಿಯಲ್ಲಿ ಕೂತಿರಬಹುದು. ಇನ್ನೂ ಒಂದು ಅಂಶವಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಎಂಬ ಹೊಗೆ ಮಾನದಂಡದ ಗಾಡಿಗಳನ್ನಷ್ಟೇ ಮಾರಬೇಕೆಂಬ ನಿಯಮ ಬಂತು. ಹಾಗಾಗಿ ಐದು ವರ್ಷದ ಸೆಕೆಂಡ್ ಹ್ಯಾಂಡ್ ಲಾರಿ ಎಂದರೆ ಈಗ ಬಿಎಸ್-6 ಲಾರಿಯೇ. ಅದರ ಹೊಗೆ ಶುದ್ಧ, ಅದು ನಿಜಕ್ಕೂ ಒಳ್ಳೆಯದು. ಮಿಲ್ಲುಗಳ ನಡುವೆಯೇ ಮಕ್ಕಳು ಬೆಳೆಯುವ ಊರಿಗೆ ಇದು ಸಣ್ಣ ಮಾತಲ್ಲ. ಆದರೆ ದೊಡ್ಡ ಲಾರಿಗಳ ಬಹುಪಾಲಿಗೆ ಡೀಸೆಲಿನ ಜೊತೆ ಡಿಇಎಫ್ ಎಂಬ ಯೂರಿಯಾ ದ್ರಾವಣವನ್ನೂ ತುಂಬಿಸುತ್ತಿರಬೇಕು. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಲ್ಲಲ್ಲಿ ಸೆನ್ಸರ್ ಇರುತ್ತವೆ. ಸೆನ್ಸರ್ ಒಂದು ಕೆಟ್ಟರೆ ಇಂಜಿನ್ ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಪಾನಾ ಹಿಡಿದು ಗುಣಪಡಿಸುತ್ತಿದ್ದ ರಸ್ತೆಬದಿಯ ಮಿಸ್ತ್ರಿಗೆ ಕಂಪ್ಯೂಟರ್ ಸ್ಕ್ಯಾನರ್ ಇಲ್ಲದೆ ಕೈ ಹಾಕಲಾಗುವುದಿಲ್ಲ. ಗಾಡಿ ನಿಂತ ದಿನದ ಬಾಡಿಗೆಯೂ ಖರ್ಚೇ, ಅದರಲ್ಲೂ ತೊಗರಿ ಸುಗ್ಗಿಯ ಜನವರಿಯಲ್ಲಿ ನಿಂತ ಒಂದು ದಿನ ಜುಲೈಯಲ್ಲಿ ನಿಂತ ಒಂದು ವಾರಕ್ಕಿಂತ ಭಾರ.

ಇದಕ್ಕೆ ಬರುವ ಆಕ್ಷೇಪಗಳು ಹುರುಳಿಲ್ಲದವಲ್ಲ. ಹಳೆ ಗಾಡಿ ಇವತ್ತಲ್ಲ ನಾಳೆ ದಾರಿಯಲ್ಲಿ ಕೈಕೊಡುತ್ತದೆ, ಈಗಾಗಲೇ ಅದರ ಮೇಲೆ ಸುರಿದದ್ದು ಸಾಕು ಎನ್ನುವವರಿದ್ದಾರೆ. ಸುರಿದ ಹಣ ಮಾರಿದರೂ ಬಾರದು, ಇಟ್ಟುಕೊಂಡರೂ ಬಾರದು. ನೋಡಬೇಕಾದದ್ದು ಬರುವ ವರ್ಷದ ಖರ್ಚನ್ನು. ಟೈರು, ಬ್ರೇಕ್ ಲೈನಿಂಗ್, ಬ್ಯಾಟರಿ ಯಾವ ಗಾಡಿಗಾದರೂ ತಪ್ಪಿದ್ದಲ್ಲ. ಅವನ್ನು ಹಳತಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಾಸಿ ಬಿರುಕುಬಿಟ್ಟರೆ, ಅಥವಾ ಬಿಡಿಭಾಗ ಪೇಟೆಯಲ್ಲಿ ಸಿಗದಂತಾದರೆ ಮಾತು ಬೇರೆ, ಆಗ ಕಿಲೋಮೀಟರ್ ಲೆಕ್ಕವನ್ನೂ ಬದಿಗಿಟ್ಟು ಮಾರಬೇಕು. ಎಫ್‌ಸಿಯದು, ಅಂದರೆ ಫಿಟ್‌ನೆಸ್ ಪ್ರಮಾಣಪತ್ರದ್ದು, ಇನ್ನೊಂದು ಆಕ್ಷೇಪ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಆಗಬೇಕು. 15 ವರ್ಷ ದಾಟಿದ ಭಾರಿ ಗಾಡಿಯ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಅಧಿಸೂಚನೆಯಲ್ಲಿ 12,500 ರೂಪಾಯಿಗೆ ಏರಿಸಿತ್ತು. ಇಂಥ ಶುಲ್ಕ ಹೊರೆಯೇ, ಆದರೆ 1.9 ಲಕ್ಷದ ಪಕ್ಕದಲ್ಲಿಟ್ಟರೆ ಅದರ ಗಾತ್ರ ತಿಳಿಯುತ್ತದೆ. ವಿಮೆಯಲ್ಲೂ ಥರ್ಡ್ ಪಾರ್ಟಿ ಪ್ರೀಮಿಯಂ ನಿಂತಿರುವುದು ಗಾಡಿಯ ಭಾರದ ಮೇಲೆ. ಗಾಡಿ ಹಳೆಯದೆಂದು ಅದು ಏರುವುದಿಲ್ಲ.

ನನಗೆ ಸುಲಭವಾಗಿ ದಾಟಲಾಗದ ಆಕ್ಷೇಪ ಡ್ರೈವರನದು. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ಮೀರಿದಾಗ ಇಂಜಿನ್ನಿನ ಕಾವು ಹೊಡೆಯುವ ಕ್ಯಾಬಿನ್ನಿನಲ್ಲಿ ಎಂಟು ತಾಸು ಕೂರುವ ಮನುಷ್ಯನ ಸಂಕಟಕ್ಕೆ ಮಾಲೀಕರ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದ್ದು ಬಹಳ ತಡವಾಗಿ ಬಂದ ನ್ಯಾಯ. ಆದರೆ ನಾವೀಗ ಮಾತಾಡುತ್ತಿರುವ ಐದಾರು ವರ್ಷದ ಗಾಡಿ ಆ ನಿಯಮಕ್ಕಿಂತ ಹಿಂದಿನದು. ಡ್ರೈವರನ ಸುಖವೇ ಕಾರಣವಾಗಿದ್ದರೆ 10 ಲಕ್ಷದ ಸಾಲಕ್ಕಿಂತ ಒಳ್ಳೆಯ ಸೀಟು, ಕ್ಯಾಬಿನ್ನಿನ ಚಾವಣಿಗೆ ಶಾಖ ತಡೆಯುವ ಹೊದಿಕೆ, ಎರಡು ಫ್ಯಾನು ಬೇಗ ಕೆಲಸಕ್ಕೆ ಬರುತ್ತವೆ. ಬ್ರೇಕಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಳೆ ಗಾಡಿಯಲ್ಲಿ ಎಬಿಎಸ್ ಇಲ್ಲದೆ, ಅದು ರಾತ್ರಿ ಹೆದ್ದಾರಿಯಲ್ಲೇ ಹೆಚ್ಚು ಓಡುವುದಾದರೆ, ಲೆಕ್ಕ ಏನೇ ಹೇಳಲಿ, ಬದಲಿಸುವ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಕೊನೆಗೂ ಬದಲಿಸುವುದೇ ಸರಿ ಎಂದಾದವರಿಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ಲಾರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅಂದರೆ ತೆರಿಗೆ ಸೇರಿದ ಬೆಲೆ ಶೇ 8ರ ಹತ್ತಿರ ತಗ್ಗಬೇಕು. ಹೊಸದು ಅಗ್ಗವಾದರೆ ಹಳೆಯದೂ ಅಗ್ಗವಾಗಬೇಕು. ಹಿಂದಿನ ದರವನ್ನೇ ಹೇಳುವ ಮಾರಾಟಗಾರರ ಮುಂದೆ ಚೌಕಾಸಿ ಮಾಡಲು ಈ ಅಂಕಿ ಸಾಕು. ಇನ್ನೊಂದು, ನೀವು ಕೊಡುವ ಗಾಡಿಯ ಕಾಗದ. ಮಾರಿದ ಮೇಲೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದಲ್ಲಿ ವಾಹನ ಕೈಯಿಂದ ಕೈಗೆ ದಾಟಿತ್ತು, ದಾಖಲೆಯಲ್ಲಿ ಹೆಸರು ಮಾತ್ರ ಬದಲಾಗಿರಲಿಲ್ಲ. ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ದಲಾಲರ ಕೈಗಿಟ್ಟು ಬರುವುದರ ಬದಲು ಕಲಬುರಗಿ ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಯಿತೇ ಎಂದು ವಾಹನ್ ಪೋರ್ಟಲಿನಲ್ಲಿ ನೋಡಿಕೊಳ್ಳಬೇಕು. ಕೊಳ್ಳುವ ಗಾಡಿಯ ಎಫ್‌ಸಿ ಅವಧಿ, ಫೈನಾನ್ಸ್ ಬಾಕಿ, ತೀರದ ಚಲನ್‌ಗಳನ್ನೂ ಮೊದಲೇ ನೋಡಿಕೊಳ್ಳಬೇಕು. ನೆರೆಯ ಮಹಾರಾಷ್ಟ್ರ ಅಥವಾ ತೆಲಂಗಾಣದ ಗಾಡಿಯಾದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಇಷ್ಟಕ್ಕೂ ಸಮಯ ಬೇಕು. ಅದಕ್ಕೇ ಈ ಕೆಲಸಕ್ಕೆ ಕೈ ಹಾಕುವುದು ತೊಗರಿ ಸುಗ್ಗಿ ಮುಗಿದ ಮೇಲೆ, ಗಂಜಿನಲ್ಲಿ ಆವಕ ತಗ್ಗಿ ಗಾಡಿ ನಾಲ್ಕು ದಿನ ನಿಂತರೂ ಬಾಡಿಗೆ ಕೈತಪ್ಪದ ತಿಂಗಳುಗಳಲ್ಲಿ ಆಗಬೇಕು.