ಕೆಂಗೇರಿಯಲ್ಲಿ ರೇಷ್ಮೆ ಹುಳು ಸತ್ತಾಗ

ಉಲ್ಲಾಳ ಮುಖ್ಯರಸ್ತೆಯ ಆಸುಪಾಸಿನಲ್ಲಿ ಇಂದು ಕಾಣುವುದು ನಿವೇಶನಗಳು, ಅಪಾರ್ಟ್‌ಮೆಂಟುಗಳು, ಶಾಲಾ ಬಸ್ಸುಗಳು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಇಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಮಾಡಿತು. 2021ರಲ್ಲಿ ಪಕ್ಕದ ಕೆಂಗೇರಿಗೆ ಮೆಟ್ರೊ ಬಂತು. ಆದರೆ ಕೆಂಗೇರಿ ದಾಖಲೆಗಳಲ್ಲಿ ಹೆಸರು ಪಡೆದದ್ದು ಇದಕ್ಕಿಂತ ಬಹಳ ಹಿಂದೆ, ರೇಷ್ಮೆಯಿಂದ.

ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಗೆ ಒತ್ತುಕೊಟ್ಟವನು ಟಿಪ್ಪು ಸುಲ್ತಾನ್. ಆಗ 18ನೇ ಶತಮಾನದ ಕೊನೆಯ ಭಾಗ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪೇ ಆಹಾರ, ಅದೂ ಬಾಡಿರಬಾರದು. ಹಾಗಾಗಿ ಹುಳುಮನೆ ಇದ್ದಲ್ಲಿ ಸನಿಹದಲ್ಲೇ ತೋಟವೂ ಬೇಕು. ಸುಮಾರು ನಾಲ್ಕು ವಾರ ಹಗಲಿರುಳು ಮೇಯುವ ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಆ ಜ್ವರಕ್ಕೆ ಯಾರೂ ಹೆದರುವುದಿಲ್ಲ.

ಹೆದರಬೇಕಾದ ರೋಗ ಬೇರೆ. 19ನೇ ಶತಮಾನದ ನಡುವೆ ಮೈಸೂರಿನಲ್ಲಿ ಹುಳುಗಳು ರಾಶಿರಾಶಿಯಾಗಿ ಸಾಯತೊಡಗಿದವು. ಬೆಳೆ ಕೈಕೊಟ್ಟರೆ ತೋಟವಿದ್ದೂ ವ್ಯರ್ಥ. ಹೊಸ ರೀತಿಯಲ್ಲಿ ಹುಳು ಸಾಕಲು 1866ರಲ್ಲಿ ಇಟಲಿಯ ದೆ ವೆಕ್ಕಿ ಆರಿಸಿಕೊಂಡ ಊರು ಕೆಂಗೇರಿ. ಸಾಹಸ ದೊಡ್ಡದೇ. ಆದರೂ ಸಾವು ನಿಲ್ಲಲಿಲ್ಲ. ಕೆಲವೇ ದಶಕಗಳಲ್ಲಿ ಇಲ್ಲಿನ ಉದ್ಯಮ ಸೊರಗಿತು.

ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ಅದೇ ವರ್ಷಗಳಲ್ಲಿ ದಕ್ಷಿಣ ಫ್ರಾನ್ಸಿನಲ್ಲೂ ಹುಳುಗಳು ಸಾಯುತ್ತಿದ್ದವು. 1865ರಲ್ಲಿ ಅಲ್ಲಿಗೆ ಹೋದ ಲೂಯಿ ಪಾಶ್ಚರ್ ಪೆಬ್ರಿನ್ ರೋಗಕ್ಕೆ ತಡೆ ಕಂಡುಹಿಡಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಅದರ ಮೊಟ್ಟೆಯನ್ನು ನಾಶಮಾಡುವುದು. ಇಷ್ಟೇ! ಇಂದಿಗೂ ರೋಗರಹಿತ ಮೊಟ್ಟೆ ತಯಾರಿಸುವುದು ಈ ತತ್ವದ ಮೇಲೆಯೇ.

ಬೆಂಗಳೂರಿನ ಇನ್ನೊಂದು ಕಡೆಯ ಕಥೆಯೂ ಹೀಗೆಯೇ. 1893ರಲ್ಲಿ ಜಪಾನ್ ನೋಡಿಬಂದ ಜಮ್‌ಶೇಟ್‌ಜಿ ಟಾಟಾ, ಆ ದಶಕದಲ್ಲೇ ಬಸವನಗುಡಿಯ ಆಚೆ ಜಪಾನೀ ಕ್ರಮದ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಗಿ ಮನೆಗಳು ಬಂದವು. ಆದರೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಉಳಿಯಿತು. ಕೆಂಗೇರಿಯ ದೆ ವೆಕ್ಕಿಗೆ ಅಷ್ಟು ಭಾಗ್ಯವೂ ಇಲ್ಲ.

ರೇಷ್ಮೆ ಮಾತ್ರ ಈ ದಿಕ್ಕನ್ನು ಪೂರ್ತಿ ಬಿಟ್ಟಿಲ್ಲ. ಉಲ್ಲಾಳದ ಮಗ್ಗುಲಲ್ಲೇ ಇರುವ ಜ್ಞಾನಭಾರತಿ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ರೇಷ್ಮೆ ಕೃಷಿಯನ್ನು ಸ್ನಾತಕೋತ್ತರ ವಿಷಯವಾಗಿ ಕಲಿಸಿದೆ. ಮೈಸೂರು ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ರಾಮನಗರ. ಅಲ್ಲಿನ ಮಾರುಕಟ್ಟೆಯಲ್ಲಿ ರೈತರ ಗೂಡು ಹರಾಜಾಗುತ್ತದೆ.